ಸನದಿನಿಂದ ಕ್ಲಾಟ್‌ವರೆಗೆ: ಗುಜರಾತಿನಲ್ಲಿ ವಕೀಲರಾಗಲು ಹೊರಟವರ ಕಥೆ

ಈಗ ಕೆಲವು ವರ್ಷಗಳಿಂದ ಡಿಸೆಂಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದೇಶದ ಸಾವಿರಾರು ಮಕ್ಕಳು ಕ್ಲಾಟ್ ಬರೆಯುತ್ತಾರೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಇರುವ ಪ್ರವೇಶ ಪರೀಕ್ಷೆ ಇದು. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲೂ ಈ ಹೆಸರು ಈಗ ಹೊಸತಲ್ಲ. ಇಂಜಿನಿಯರಿಂಗ್, ಮೆಡಿಕಲ್, ಸಿಎ ಬಿಟ್ಟು ಬೇರೆ ಮಾತೇ ಇಲ್ಲದಿದ್ದ ಮನೆಯಲ್ಲಿ ಮಗಳು ‘ಲಾ ಓದ್ತೀನಿ’ ಎಂದಾಗ ಅಪ್ಪ ಅಮ್ಮ ಮೊದಲು ಹುಡುಕುವುದು ಕೋಚಿಂಗ್ ಸೆಂಟರನ್ನು. ಅದಕ್ಕೂ ಮೊದಲು ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು. ವಕೀಲರಾಗಲು ಪರೀಕ್ಷೆಗೆ ಕೂತವರ ಒಂದು ದೊಡ್ಡ ಚರಿತ್ರೆ ನಾವಿರುವ ಈ ಮೂರು ಊರುಗಳಲ್ಲೇ ಇದೆ. ಆ ಚರಿತ್ರೆ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತದೆ: ಈ ಪರೀಕ್ಷೆಗಳು ಕಾನೂನಿನ ತಿಳಿವಳಿಕೆಯನ್ನು ಅಳೆದದ್ದಕ್ಕಿಂತ ಹೆಚ್ಚಾಗಿ, ಓದುವುದಕ್ಕೆ ಯಾರಿಗೆ ಎಷ್ಟು ಅನುಕೂಲ ಇತ್ತು ಎಂಬುದನ್ನು ಅಳೆದಿವೆ.

ಗುಜರಾತು ಕನ್ನಡಿಗರಿಗೆ ಕಾನೂನಿನ ಲೆಕ್ಕದಲ್ಲಿ ಪರಸ್ಥಳವೇನೂ ಆಗಿರಲಿಲ್ಲ. ಸೂರತ್ 1800ರಲ್ಲಿ ಕಂಪನಿ ಸರಕಾರದ ಕೈಗೆ ಹೋಯಿತು. ಪೇಶ್ವೆಗಳ ಆಳ್ವಿಕೆ ಮುಗಿದ 1818ರ ಆಸುಪಾಸಿನಲ್ಲಿ ಅಹಮದಾಬಾದೂ ಧಾರವಾಡವೂ ಅದೇ ಕೈಗೆ ಬಂದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮುಂಬಯಿ ಹೈಕೋರ್ಟು ಶುರುವಾದದ್ದೂ ಅದೇ ವರ್ಷ. ಹೀಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳ ಕಕ್ಷಿದಾರನೂ ಸೂರತ್ತಿನ ಕಕ್ಷಿದಾರನೂ ಮೇಲ್ಮನವಿ ಹಿಡಿದು ಹೋಗುತ್ತಿದ್ದುದು ಒಂದೇ ಹೈಕೋರ್ಟಿಗೆ. ಎರಡೂ ಕಡೆಯ ಹುಡುಗರು ಕಟ್ಟುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆ. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು, 1960ರಲ್ಲಿ ಗುಜರಾತು ಬೇರೆ ರಾಜ್ಯವಾಯಿತು. ಅಲ್ಲಿಯವರೆಗೆ ನಾವು ಒಂದೇ ಕೋರ್ಟಿನ ಕಟ್ಟೆ ಹತ್ತಿದವರು. ವಡೋದರಾ ಮಾತ್ರ ಗಾಯಕವಾಡರ ಸಂಸ್ಥಾನವಾಗಿ, ತನ್ನದೇ ನ್ಯಾಯಾಲಯಗಳನ್ನು ಇಟ್ಟುಕೊಂಡಿತ್ತು.

ಆ ಕಾಲದಲ್ಲಿ ವಕೀಲನಾಗಲು ಮೂರು ದಾರಿಗಳಿದ್ದವು. ಹಣವಿದ್ದವರು ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗುತ್ತಿದ್ದರು. ಪದವಿ ಮುಗಿಸಿದವರು ಮುಂಬಯಿಯಲ್ಲಿ ಎಲ್‌ಎಲ್‌ಬಿ ಓದುತ್ತಿದ್ದರು. ಎರಡೂ ಆಗದವರು ಮೆಟ್ರಿಕ್ ಮುಗಿಸಿ, ಮನೆಯಲ್ಲೇ ಓದಿಕೊಂಡು, ಡಿಸ್ಟ್ರಿಕ್ಟ್ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಸನದು ಪಡೆಯುತ್ತಿದ್ದರು.

ಮೊದಲ ದಾರಿ ಹಿಡಿದವರಲ್ಲಿ ಎಲ್ಲರಿಗೂ ಗೊತ್ತಿರುವವರು ಗಾಂಧೀಜಿ. 1887ರಲ್ಲಿ ಮೆಟ್ರಿಕ್ ಪರೀಕ್ಷೆಗೆಂದು ಅವರು ರಾಜಕೋಟೆಯಿಂದ ಅಹಮದಾಬಾದಿಗೆ ಬಂದರು. ಪರೀಕ್ಷೆಗೆ ಮುಂಬಯಿ ಮತ್ತು ಅಹಮದಾಬಾದ್ ಎರಡು ಕೇಂದ್ರಗಳಿದ್ದವು. ಖರ್ಚು ಕಡಿಮೆಯೆಂದು ಕಾಠಿಯಾವಾಡದ ಹುಡುಗರು ಹತ್ತಿರದ ಅಹಮದಾಬಾದನ್ನೇ ಆರಿಸಿಕೊಳ್ಳುತ್ತಿದ್ದರು. ಆ ವರ್ಷ ಪರೀಕ್ಷೆಗೆ ಕೂತವರು ಮೂರು ಸಾವಿರಕ್ಕೂ ಹೆಚ್ಚು, ಪಾಸಾದವರು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಗಾಂಧೀಜಿಗೆ ಬಂದದ್ದು ನೂರಕ್ಕೆ ಸುಮಾರು ನಲವತ್ತು ಅಂಕ. ಶಾಲೆಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾದಾಗ ರೇಖಾಗಣಿತ ತಲೆಗೆ ಹತ್ತದೆ ಒದ್ದಾಡಿದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಂಗ್ಲಿಷಿನಲ್ಲಿ ನಾಲ್ಕು ವರ್ಷ ಹಿಡಿದ ಪಾಠ ಗುಜರಾತಿಯಲ್ಲಾಗಿದ್ದರೆ ಒಂದು ವರ್ಷದಲ್ಲಿ ಮುಗಿಯುತ್ತಿತ್ತು ಎಂದು 1938ರಲ್ಲಿ ಅವರು ಹರಿಜನ ಪತ್ರಿಕೆಯಲ್ಲಿ ಲೆಕ್ಕ ಹಾಕಿದರು.

ಲಂಡನ್ನಿನ ಬ್ಯಾರಿಸ್ಟರ್ ಪರೀಕ್ಷೆಯ ಕಥೆಯೇ ಬೇರೆ. ಅಲ್ಲಿ ನಿಗದಿಯಾದಷ್ಟು ಟರ್ಮ್‌ಗಳಲ್ಲಿ ಇನ್ನಿನ ಊಟಕ್ಕೆ ಹಾಜರಿ ಹಾಕಬೇಕು, ರೋಮನ್ ಕಾನೂನಿನದೊಂದು, ಇಂಗ್ಲೆಂಡಿನ ಕಾನೂನಿನದೊಂದು ಪರೀಕ್ಷೆ ಬರೆಯಬೇಕು. ರೋಮನ್ ಕಾನೂನಿನಲ್ಲಿ ನೂರಕ್ಕೆ ತೊಂಬತ್ತೈದರ ಮೇಲೆ, ಕೊನೆಯ ಪರೀಕ್ಷೆಯಲ್ಲಿ ಎಪ್ಪತ್ತೈದರ ಮೇಲೆ ಪಾಸಾಗುತ್ತಿದ್ದರು ಎಂದು ಗಾಂಧೀಜಿಯೇ ಹೇಳಿದ್ದಾರೆ. ಹೆಚ್ಚಿನವರು ನೋಟ್ಸ್ ಉರುಹೊಡೆದು ಎರಡು ವಾರದಲ್ಲಿ ರೋಮನ್ ಕಾನೂನು ಮುಗಿಸುತ್ತಿದ್ದರಂತೆ. ಇವರು ಹಟ ಹಿಡಿದು ಲ್ಯಾಟಿನ್ನಿನಲ್ಲೇ ಮೂಲ ಓದಿದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದಾಗ ಹಿಂದೂ ಕಾನೂನಾಗಲಿ ಮುಸ್ಲಿಂ ಕಾನೂನಾಗಲಿ ಒಂದಕ್ಷರವೂ ಗೊತ್ತಿರಲಿಲ್ಲ. ಬಡವರು ಕೂರುವ ಮೆಟ್ರಿಕ್ ಪರೀಕ್ಷೆಯ ಬಾಗಿಲು ಇಕ್ಕಟ್ಟು, ಹಡಗಿನ ಟಿಕೆಟ್ಟಿಗೆ ದುಡ್ಡಿದ್ದವರ ಪರೀಕ್ಷೆಯ ಬಾಗಿಲು ವಿಶಾಲ. ಗಾಂಧೀಜಿಯ ಮನೆಯವರು ಆ ಖರ್ಚಿಗೆ ಎಷ್ಟೋ ಕಡೆ ಕೈಚಾಚಿದರು. ಪೋರಬಂದರಿನ ಆಡಳಿತಾಧಿಕಾರಿ ಮೊದಲು ಬಿಎ ಮುಗಿಸು ಎಂದು ಹೇಳಿ ಕಳಿಸಿದ. ಜಾತಿಯ ಪಂಚರು ಕಡಲು ದಾಟಿದ್ದಕ್ಕೆ ಬಹಿಷ್ಕಾರ ಹಾಕಿದರು.

ಮೂರನೆಯ ದಾರಿಯಲ್ಲಿ ನಡೆದವರು ವಲ್ಲಭಭಾಯಿ ಪಟೇಲರು. ಅವರು ನಡಿಯಾದಿನಲ್ಲಿ ಮೆಟ್ರಿಕ್ ಮುಗಿಸಿದ್ದು 1897ರಲ್ಲಿ, ಇಪ್ಪತ್ತೆರಡರ ವಯಸ್ಸಿಗೆ. ಕಾಲೇಜಿಗೆ ಹೋಗಲು ಹಣವಿರಲಿಲ್ಲ. ಬೇರೆ ವಕೀಲರಿಂದ ಪುಸ್ತಕ ಎರವಲು ತಂದು, ತಾವೇ ಓದಿಕೊಂಡು, 1900ರಲ್ಲಿ ಡಿಸ್ಟ್ರಿಕ್ಟ್ ಪ್ಲೀಡರ್ ಪರೀಕ್ಷೆ ಪಾಸಾಗಿ ಗೋಧ್ರಾದಲ್ಲಿ ಪ್ರಾಕ್ಟೀಸ್ ಶುರು ಮಾಡಿದರು. ಆಮೇಲೆ ಬೋರಸದ್‌ಗೆ ಹೋಗಿ ದುಡಿದು ಕೂಡಿಟ್ಟರು. ವಿಲಾಯತಿಗೆ ಹೋಗಲು ‘ವಿ.ಜೆ. ಪಟೇಲ್’ ಹೆಸರಿನಲ್ಲಿ ಕಾಗದಪತ್ರ ಬಂದಾಗ, ಅದೇ ಇನಿಷಿಯಲ್ ಇದ್ದ ಅಣ್ಣ ವಿಠ್ಠಲಭಾಯಿ ತಾನು ಹೋಗುತ್ತೇನೆಂದರು, ತಮ್ಮ ಬಿಟ್ಟುಕೊಟ್ಟರು. ವಲ್ಲಭಭಾಯಿಯ ಸರದಿ ಬಂದದ್ದು 1910ರಲ್ಲಿ. ಮಿಡಲ್ ಟೆಂಪಲ್ ಸೇರಿ, ಮೂರು ವರ್ಷದ ಓದನ್ನು ಎರಡೂವರೆ ವರ್ಷದಲ್ಲಿ ಮುಗಿಸಿ, 1913ರಲ್ಲಿ ಅಹಮದಾಬಾದಿಗೆ ಬಂದು ನೆಲೆಸಿದರು. ಮನೆಯಲ್ಲಿ ಕೂತು ಓದಿ ಪಾಸು ಮಾಡಬಹುದಾದ ಒಂದು ಪರೀಕ್ಷೆ ಇದ್ದದ್ದರಿಂದಲೇ ಕರಮಸದಿನ ರೈತನ ಮಗ ಆ ಮೊದಲ ಮೆಟ್ಟಿಲು ಹತ್ತಿದರು ಎಂಬುದನ್ನು ನೆನಪಿಡಬೇಕು.

ಎರಡನೆಯ ದಾರಿಯಾದ ಎಲ್‌ಎಲ್‌ಬಿಯಲ್ಲಿ ಗುಜರಾತಿನವರೂ ಕನ್ನಡಿಗರೂ ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಭೂಲಾಭಾಯಿ ದೇಸಾಯಿ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಕಾನೂನು ಓದಿ, 1905ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಅಡ್ವೊಕೇಟ್ ಆದರು. ಅದೇ ಸುಮಾರಿಗೆ ಆಲೂರು ವೆಂಕಟರಾಯರು ಮುಂಬಯಿಯ ಎಲ್‌ಎಲ್‌ಬಿ ಮುಗಿಸಿ ಧಾರವಾಡದಲ್ಲಿ ವಕೀಲಿ ಹಿಡಿದರು. ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಕರ್ನಾಟಕದ ಏಕೀಕರಣಕ್ಕೆ ಇಳಿದರು. ಸೂರತ್ತಿನವನಿಗೂ ಧಾರವಾಡದವನಿಗೂ ಆಗ ಲಾ ಕಾಲೇಜು ಎಂದರೆ 1855ರಲ್ಲಿ ಶುರುವಾದ ಮುಂಬಯಿಯ ಸರಕಾರಿ ಕಾಲೇಜು. ಎಂದರೆ ಓದಿನ ಖರ್ಚಿನ ಮೇಲೆ ಮುಂಬಯಿಯ ಬಾಡಿಗೆ, ಖಾನಾವಳಿಯ ಖರ್ಚು. ಪುಣೆಯಲ್ಲಿ ಲಾ ಕಾಲೇಜು ಬಂದದ್ದು 1924ರಲ್ಲಿ, ಅಹಮದಾಬಾದಿನ ಸರ್ ಎಲ್.ಎ. ಶಾ ಕಾಲೇಜು 1927ರಲ್ಲಿ, ಸೂರತ್ತಿನ ಸಾರ್ವಜನಿಕ ಲಾ ಕಾಲೇಜು 1935ರಲ್ಲಿ, ಬೆಳಗಾವಿಯ ರಾಜಾ ಲಖಮಗೌಡ ಕಾಲೇಜು 1939ರಲ್ಲಿ. ವಡೋದರಾದಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಹಳೆಯ ಮೈಸೂರಿನವರ ಪಾಡು ಇನ್ನೂ ಕಷ್ಟ. ಬೆಂಗಳೂರಿಗೆ ಸರಕಾರಿ ಲಾ ಕಾಲೇಜು ಬಂದದ್ದೇ 1948ರಲ್ಲಿ. ಮಂಡ್ಯ ಸೀಮೆಯ ಇ.ಎಸ್. ವೆಂಕಟರಾಮಯ್ಯನವರು ಪುಣೆ, ಬೆಳಗಾವಿಗಳಿಗೆ ಹೋಗಿ ಕಾನೂನು ಓದಿದರು. ಮುಂದೆ 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಪರೀಕ್ಷೆ ಪಾಸಾದರೂ ಬಾಗಿಲು ತೆರೆಯದ ಒಬ್ಬರ ಕಥೆಯೂ ಅಹಮದಾಬಾದಿಗೆ ಸೇರಿದೆ. ಕಾರ್ನೆಲಿಯಾ ಸೊರಾಬ್ಜಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ. ಇಂಗ್ಲೆಂಡಿಗೆ ಹೋಗಲು ಸರಕಾರಿ ವಿದ್ಯಾರ್ಥಿವೇತನಕ್ಕೆ ಅರ್ಹರಾಗಿದ್ದರೂ ಹೆಣ್ಣೆಂಬ ಕಾರಣಕ್ಕೆ ಅದು ಸಿಗಲಿಲ್ಲ. 1888ರಲ್ಲಿ ಗುಜರಾತ್ ಕಾಲೇಜಿಗೆ ಬಂದು ಗಂಡುಹುಡುಗರಿಗೆ ಇಂಗ್ಲಿಷ್ ಕಲಿಸಿದರು. ಆಮೇಲೆ ಆಕ್ಸ್‌ಫರ್ಡ್ ಸೇರಿ 1892ರಲ್ಲಿ ಕಾನೂನಿನ ಬಿಸಿಎಲ್ ಪರೀಕ್ಷೆ ಬರೆದರು. ಅದನ್ನು ಬರೆದ ಮೊದಲ ಹೆಣ್ಣು ಅವರೇ. ಆದರೆ ಆ ಪದವಿ ಕೈಗೆ ಬಂದದ್ದು 1922ರಲ್ಲಿ. ಭಾರತಕ್ಕೆ ಮರಳಿ 1897ರಲ್ಲಿ ಮುಂಬಯಿಯ ಎಲ್‌ಎಲ್‌ಬಿ, 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ಪ್ಲೀಡರ್ ಪರೀಕ್ಷೆ, ಎರಡನ್ನೂ ಮುಗಿಸಿದರು. ಕೋರ್ಟು ಒಪ್ಪಲಿಲ್ಲ. 1923ರಲ್ಲಿ ಕಾಯ್ದೆ ಬದಲಾದ ಮೇಲಷ್ಟೇ ದೇಶದ ಎಲ್ಲ ಕಡೆ ಹೆಂಗಸರು ವಕೀಲರಾಗುವ ದಾರಿ ತೆರೆಯಿತು. ಇಂದು ಕ್ಲಾಟ್‌ಗೆ ಓದುವ ಪ್ರತಿ ಹುಡುಗಿಯ ಹಿಂದೆ ಈ ಮೂವತ್ತು ವರ್ಷದ ಕಾಯುವಿಕೆ ಇದೆ.

ವಡೋದರಾದಲ್ಲಿ ಎರಡು ಬಗೆಯ ನೆನಪುಗಳಿವೆ. ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಅಂಬೇಡ್ಕರರು 1913ರಲ್ಲಿ ಕೊಲಂಬಿಯಾಕ್ಕೆ ಹೋದರು. 1917ರಲ್ಲಿ ಕರಾರಿನಂತೆ ಸಂಸ್ಥಾನದ ನೌಕರಿಗೆ ಬಂದಾಗ ಊರಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಇಳಿದುಕೊಂಡಿದ್ದವರನ್ನು ಜನ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಅವರು ಮರದ ಕೆಳಗೆ ಕೂತು ಹೊತ್ತು ಕಳೆದ ಜಾಗ ಸಯಾಜಿ ಬಾಗಿನ ಬಳಿ ಸಂಕಲ್ಪ ಭೂಮಿಯೆಂದು ಉಳಿದಿದೆ. ಗ್ರೇಸ್ ಇನ್ನಿನಿಂದ ಅವರು ಬ್ಯಾರಿಸ್ಟರ್ ಆದದ್ದು ಮುಂದೆ 1922ರಲ್ಲಿ, ಉಳಿತಾಯ ಮತ್ತು ಹಿತೈಷಿಗಳ ನೆರವಿನಿಂದ. ವಿದ್ಯಾರ್ಥಿಗೆ ಪುಸ್ತಕದಷ್ಟೇ ತಲೆಯ ಮೇಲಿನ ಸೂರೂ ಮುಖ್ಯ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ದಲಿತ ಹುಡುಗರಿಗಾಗಿ ಅವರು ತೆರೆಸಿದ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು.

ಎರಡನೆಯ ನೆನಪು ಒಂದು ನಿಘಂಟಿನದು. ಬರೋಡಾ ಸಂಸ್ಥಾನದಲ್ಲಿ ಆಡಳಿತ ನಡೆಯುತ್ತಿದ್ದುದು ಗುಜರಾತಿಯಲ್ಲಿ. ಅದಕ್ಕೆ ಬೇಕಾದ ಮಾತುಗಳಿಗಾಗಿ 1931ರಲ್ಲಿ ‘ಶ್ರೀ ಸಯಾಜಿ ಶಾಸನ ಶಬ್ದ ಕಲ್ಪತರು’ ಎಂಬ ದೊಡ್ಡ ಕೋಶ ಹೊರಬಂತು. ಆಡಳಿತ ಮತ್ತು ಕಾನೂನಿನ ಇಂಗ್ಲಿಷ್ ಪದಗಳಿಗೆ ಗುಜರಾತಿ, ಮರಾಠಿ, ಸಂಸ್ಕೃತ, ಉರ್ದು, ಪರ್ಷಿಯನ್, ಹಿಂದಿ, ಬಂಗಾಳಿಗಳಲ್ಲಿ ಸಾಟಿಪದಗಳನ್ನು ಅದರಲ್ಲಿ ಕೊಟ್ಟಿದ್ದಾರೆ. ಕಾನೂನು ದೇಶಭಾಷೆಯಲ್ಲಿ ಆಗದು ಎನ್ನುವವರಿಗೆ ತೋರಿಸಬೇಕಾದ ಪುಸ್ತಕ ಅದು.

ಸ್ವಾತಂತ್ರ್ಯದ ನಂತರ ಚಿತ್ರ ಬದಲಾಯಿತು. 1961ರ ಅಡ್ವೊಕೇಟ್ಸ್ ಕಾಯ್ದೆ ವಕೀಲ, ಪ್ಲೀಡರ್, ಮುಖ್ತ್ಯಾರ್ ಎಂಬ ಮೇಲು ಕೀಳುಗಳನ್ನು ತೆಗೆದು, ಅಡ್ವೊಕೇಟ್ ಎಂಬ ಒಂದೇ ವರ್ಗ ಮಾಡಿತು. ಒಳ್ಳೆಯದೇ ಆಯಿತು. ಅದರ ಜೊತೆಗೆ ಪಟೇಲರು ಬಂದ ದಾರಿಯೂ ಮುಚ್ಚಿತು. ಕಾನೂನು ಪದವಿ ಕಡ್ಡಾಯವಾಯಿತು. ಆಗ ಪದವಿಗೆ ಸೇರುವುದೇನೂ ಕಷ್ಟವಿರಲಿಲ್ಲ. ಬಿಎ, ಬಿಕಾಂ ಮುಗಿಸಿದವರು ಕೆಲಸಕ್ಕೆ ಹೋಗುತ್ತಾ ಬೆಳಗಿನ ಅಥವಾ ಸಂಜೆಯ ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮಾಡುತ್ತಿದ್ದರು. ಓದಿನ ಮಟ್ಟ ಕುಸಿಯಿತೆಂಬ ದೂರು ಎದ್ದಾಗ, ಹನ್ನೆರಡನೇ ತರಗತಿಯ ನಂತರ ಐದು ವರ್ಷ ಕಾನೂನನ್ನೇ ಓದಿಸುವ ಯೋಜನೆ ಬಂತು. ಅದಕ್ಕೆ ಮಾದರಿಯಾದದ್ದು ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್. 1986ರ ಕರ್ನಾಟಕದ ಕಾಯ್ದೆಯಿಂದ ಹುಟ್ಟಿ, ಎನ್.ಆರ್. ಮಾಧವ ಮೆನನ್ನರ ಮುಂದಾಳತ್ವದಲ್ಲಿ 1988ರಲ್ಲಿ ಮೊದಲ ತರಗತಿ ತೆಗೆದುಕೊಂಡಿತು.

ಇಲ್ಲೊಂದು ದೊಡ್ಡ ಪಲ್ಲಟವಾಯಿತು. ಅಲ್ಲಿಯವರೆಗೆ ಕಾನೂನು ಓದಿ ಮುಗಿಸಿದ ಮೇಲೆ ಪರೀಕ್ಷೆ ಇರುತ್ತಿತ್ತು. ಈಗ ಕಾನೂನಿನ ಒಂದು ಪುಟವನ್ನೂ ಓದಿರದ ಹದಿನೇಳರ ವಯಸ್ಸಿಗೇ ಬಾಗಿಲಲ್ಲಿ ಪರೀಕ್ಷೆ ಬಂತು.

ಹೈದರಾಬಾದ್, ಭೋಪಾಲ್, ಕೋಲ್ಕತ್ತಾ, ಜೋಧಪುರಗಳಲ್ಲಿ ಇಂಥವೇ ವಿಶ್ವವಿದ್ಯಾಲಯಗಳು ಬಂದವು. ಗುಜರಾತ್ ಸರಕಾರ 2003ರಲ್ಲಿ ಕಾಯ್ದೆ ಮಾಡಿ, 2004ರಲ್ಲಿ ಗಾಂಧಿನಗರದಲ್ಲಿ ಗುಜರಾತ್ ನ್ಯಾಷನಲ್ ಲಾ ಯೂನಿವರ್ಸಿಟಿ ತೆರೆಯಿತು. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಪರೀಕ್ಷೆ. 2006ರಲ್ಲಿ ಇದು ಸುಪ್ರೀಂ ಕೋರ್ಟಿಗೆ ಹೋಯಿತು. 2007ರ ನವೆಂಬರಿನಲ್ಲಿ ಏಳು ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡವು. 2008ರ ಮೇ 11ರಂದು ಮೊದಲ ಕ್ಲಾಟ್ ನಡೆಯಿತು. ನಡೆಸಿದ್ದು ಬೆಂಗಳೂರಿನ ಶಾಲೆ. ಪ್ರತಿ ವರ್ಷ ಒಬ್ಬೊಬ್ಬರು ಸರದಿಯಂತೆ ನಡೆಸುವ ಪದ್ಧತಿಯಲ್ಲಿ ಎಡವಟ್ಟುಗಳೂ ಆದವು. ಗಾಂಧಿನಗರದ ಸರದಿ ಬಂದ 2014ರಲ್ಲಿ ಮೊದಲು ಹೊರಟ ಫಲಿತಾಂಶವನ್ನು ಹಿಂಪಡೆದು ಬೇರೆ ಪಟ್ಟಿ ಕೊಡಬೇಕಾಯಿತು. 2018ರಲ್ಲಿ ಕಂಪ್ಯೂಟರುಗಳು ಕೈಕೊಟ್ಟು, ಕಳೆದುಹೋದ ಸಮಯಕ್ಕೆ ಅಂಕ ತುಂಬಿಕೊಡಲು ಸುಪ್ರೀಂ ಕೋರ್ಟು ಹೇಳಿತು. ಖಾಯಂ ವ್ಯವಸ್ಥೆ ಬೇಕೆಂದು 2015ರಲ್ಲೇ ಸುಪ್ರೀಂ ಕೋರ್ಟಿಗೆ ಹೋದವರು ಶಮ್ನಾದ್ ಬಷೀರ್. 2017ರಲ್ಲಿ ವಿಶ್ವವಿದ್ಯಾಲಯಗಳ ಒಕ್ಕೂಟ ರಚನೆಯಾಯಿತು. 2020ರಲ್ಲಿ ಬೆಂಗಳೂರಿನ ಶಾಲೆ ಒಕ್ಕೂಟ ಬಿಟ್ಟು ತನ್ನದೇ ಪರೀಕ್ಷೆ ನಡೆಸಿದಾಗ, ಅದು ಸಲ್ಲದೆಂದು ಸುಪ್ರೀಂ ಕೋರ್ಟು ಸೆಪ್ಟೆಂಬರ್ 21ರಂದು ರದ್ದುಮಾಡಿತು.

ಪರೀಕ್ಷೆಯ ರೂಪವೂ ಬದಲಾಗಿದೆ. ಮೊದಲು ಎರಡು ಗಂಟೆಗೆ 200 ಬಿಡಿ ಪ್ರಶ್ನೆಗಳಿದ್ದವು. 2020ರಿಂದ ಪ್ಯಾರಾ ಓದಿ ಉತ್ತರಿಸುವ 150 ಪ್ರಶ್ನೆಗಳು ಬಂದವು, 2023ರ ಡಿಸೆಂಬರಿನಿಂದ ಅವು 120 ಆದವು. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಲೆಕ್ಕ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ. ಬೇಕಾದ ನಿಯಮವನ್ನು ಪ್ಯಾರಾದಲ್ಲೇ ಕೊಟ್ಟಿರುತ್ತಾರೆ. ಒಂದೊಂದು ಪ್ಯಾರಾ ಸುಮಾರು 450 ಪದ. ಹಾಗಾದರೆ ಇಲ್ಲಿ ನಿಜಕ್ಕೂ ಪರೀಕ್ಷೆಯಾಗುವುದು ಇಂಗ್ಲಿಷ್ ಗದ್ಯವನ್ನು ಬೇಗ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ. ಆ ಅಭ್ಯಾಸ ಆರು ತಿಂಗಳ ಕೋಚಿಂಗಿನಲ್ಲಿ ಬರುವಂಥದ್ದಲ್ಲ. ಮನೆಗೆ ಇಂಗ್ಲಿಷ್ ಪೇಪರ್ ಬರುತ್ತಿದ್ದವರಿಗೆ, ಚಿಕ್ಕಂದಿನಿಂದ ಕಥೆಪುಸ್ತಕ ಸಿಕ್ಕವರಿಗೆ ಅದು ಆಗಲೇ ಬಂದಿರುತ್ತದೆ. ಇದರ ಮೇಲೆ ಸಾಮಾನ್ಯ ವರ್ಗದವರಿಗೆ ಅರ್ಜಿಯ ಶುಲ್ಕವೇ 4,000 ರೂಪಾಯಿ. ನೀಟ್ ಪರೀಕ್ಷೆಯನ್ನು, ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲೂ ಗುಜರಾತಿಯಲ್ಲೂ ಬರೆಯಬಹುದು. ಕ್ಲಾಟ್‌ಗೂ ಆ ಅವಕಾಶ ಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಆ ಬಳಿಕದ ಪರೀಕ್ಷೆಗಳೂ ಇಂಗ್ಲಿಷಿನಲ್ಲೇ ನಡೆದಿವೆ.

ಗುಜರಾತಿನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಬೆಂಗಳೂರಿನ ಶಾಲೆಯಲ್ಲಿ ನೂರಕ್ಕೆ 25 ಸೀಟು ಕರ್ನಾಟಕದವರಿಗೆ ಎಂದು ರಾಜ್ಯ ಸರಕಾರ 2020ರಲ್ಲಿ ತಿದ್ದುಪಡಿ ತಂದಿತು. ಹೈಕೋರ್ಟು ಅದನ್ನು ಅದೇ ವರ್ಷ ಹೊಡೆದುಹಾಕಿತು. ಮರುವರ್ಷ ಶಾಲೆಯೇ ತನ್ನ ಯೋಜನೆಯಡಿ ಅಷ್ಟು ಸೀಟುಗಳನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಇಟ್ಟಿತು. ಕರ್ನಾಟಕದ ವಿದ್ಯಾರ್ಥಿ ಯಾರು? ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು. ಮನೆಮಾತು ಏನು ಎಂಬ ಪ್ರಶ್ನೆ ಅಲ್ಲಿಲ್ಲ. ಇಂದಿರಾನಗರದಲ್ಲಿ ಓದಿದ ಗುಜರಾತಿ ಹುಡುಗಿಗೆ ಆ ಸೀಟು ಸಿಗಬಹುದು, ಸೂರತ್ತಿನಲ್ಲಿ ಓದಿದ ಹುಬ್ಬಳ್ಳಿಯ ಮನೆತನದ ಹುಡುಗಿಗೆ ಸಿಗದು. ಇದರಲ್ಲಿ ಅನ್ಯಾಯವಿದೆ ಎಂದು ನನಗೆ ಅನ್ನಿಸುವುದಿಲ್ಲ. ತೆರಿಗೆ ಕಟ್ಟಿ ಶಾಲೆ ನಡೆಸಿದ ನಾಡು ತನ್ನಲ್ಲಿ ಬೆಳೆದ ಮಕ್ಕಳನ್ನು ಎಣಿಸುತ್ತದೆ. ಆದರೆ ‘ನಮ್ಮ ರಾಜ್ಯದ ಕೋಟಾ ಇದೆಯಲ್ಲ’ ಎಂದು ನಂಬಿಕೊಂಡು ಕೂರುವ ಪೋಷಕರು ಇದನ್ನು ಹತ್ತನೇ ತರಗತಿಗೂ ಮೊದಲೇ ತಿಳಿದುಕೊಳ್ಳಬೇಕು. ಯಾವ ವಿಶ್ವವಿದ್ಯಾಲಯ ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಬೇಕು.

ಇಷ್ಟಾಗಿಯೂ ಒಳಹೋದ ಮೇಲೆ ಕಾಣುವ ಲೋಕ ಬೇರೆ. ಗುಜರಾತಿನ ತಾಲ್ಲೂಕು, ಜಿಲ್ಲಾ ಕೋರ್ಟುಗಳ ವ್ಯವಹಾರ ಗುಜರಾತಿಯಲ್ಲಿ, ನಮ್ಮಲ್ಲಿ ಕನ್ನಡದಲ್ಲಿ. ಹೈಕೋರ್ಟಿಗೆ ಬಂದರೆ ಇಂಗ್ಲಿಷ್. ಹೈಕೋರ್ಟಿನಲ್ಲೂ ರಾಜ್ಯದ ಭಾಷೆ ಇರಲಿ ಎಂದು ಕೇಂದ್ರಕ್ಕೆ ಬಂದ ಪ್ರಸ್ತಾವಗಳಲ್ಲಿ ತಮಿಳು, ಬಂಗಾಳಿ, ಛತ್ತೀಸಗಡದ ಹಿಂದಿಯ ಜೊತೆ ಗುಜರಾತಿಯೂ ಕನ್ನಡವೂ ಇದ್ದವು. 2012ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಭೆ ಅವನ್ನು ಒಪ್ಪಲಿಲ್ಲ. ಒಂದು ಕಾಲಕ್ಕೆ ಒಂದೇ ಹೈಕೋರ್ಟಿನಲ್ಲಿದ್ದ ಎರಡು ಭಾಷೆಗಳು ಹೀಗೆ ಒಂದೇ ಪಟ್ಟಿಯಲ್ಲಿ ವಾಪಸಾದವು. ಸಾಕ್ಷಿಯ ಬಾಯಿಂದ ಬರುವ ಮಾತು, ಜಮೀನಿನ ಹಳೇ ಪತ್ರ, ಎಫ್‌ಐಆರ್ ಎಲ್ಲವೂ ಇಂದಿಗೂ ದೇಶಭಾಷೆಯಲ್ಲೇ ಇವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಹುಡುಗಿಗೆ ಕ್ಲಾಟ್ ಇದರಲ್ಲಿ ಒಂದಕ್ಕೆ ಮಾತ್ರ ಅಂಕ ಕೊಡುತ್ತದೆ. ಕಕ್ಷಿದಾರ ಎದುರು ಬಂದು ಕೂತಾಗ ಉಳಿದೆರಡೂ ಬೇಕಾಗುತ್ತವೆ. ಪರೀಕ್ಷೆಯ ನೆಪದಲ್ಲಿ ಅವನ್ನು ಮರೆಸಬೇಡಿ.

ತಯಾರಿಯ ಮಾತಿಗೆ ಬಂದರೆ, ಪಟೇಲರ ಎರವಲು ಪುಸ್ತಕದ ದಾರಿ ಪೂರ್ತಿ ಮುಚ್ಚಿಲ್ಲ. ಹಳೆಯ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳನ್ನು ಒಕ್ಕೂಟವೇ ಕೊಡುತ್ತದೆ. ಅಹಮದಾಬಾದಿನ ಎಲ್ಲಿಸ್ ಬ್ರಿಡ್ಜ್ ಬಳಿ ಎಂ.ಜೆ. ಲೈಬ್ರರಿ ಇದೆ; ಆಶ್ರಮದ ಸಾವಿರಾರು ಪುಸ್ತಕಗಳನ್ನು ಗಾಂಧೀಜಿ ಕೊಟ್ಟದ್ದು ಅದಕ್ಕೇ. ವಡೋದರಾದಲ್ಲಿ ಸಯಾಜಿರಾವ್ ಕಟ್ಟಿಸಿದ ಸೆಂಟ್ರಲ್ ಲೈಬ್ರರಿ, ಸೂರತ್ತಿನಲ್ಲಿ ಕವಿ ನರ್ಮದನ ಹೆಸರಿನ ಲೈಬ್ರರಿ ಇವೆ. ಒಂಬತ್ತನೇ ತರಗತಿಯಿಂದಲೇ ದಿನಕ್ಕೊಂದು ಸಂಪಾದಕೀಯ ಓದಿ, ಅದರ ವಾದವೇನು ಎಂದು ಅಮ್ಮನಿಗೆ ಕನ್ನಡದಲ್ಲಿ ಹೇಳುವ ಮಗು ಕಾನೂನಿನ ತರ್ಕದ ಅರ್ಧ ಪಾಠ ಕಲಿತಂತೆ. ಹಣ, ಇಂಗ್ಲಿಷ್ ಎರಡೂ ಇಲ್ಲದ ಮಕ್ಕಳಿಗಾಗಿ ಶಮ್ನಾದ್ ಬಷೀರ್ 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಕಟ್ಟಿದರು. ಹಳ್ಳಿ, ಬಡಾವಣೆಗಳ ಶಾಲೆಗಳಿಗೆ ಕಾನೂನು ವಿದ್ಯಾರ್ಥಿಗಳೇ ಹೋಗಿ ಮಕ್ಕಳನ್ನು ಆರಿಸಿ ಕ್ಲಾಟ್‌ಗೆ ತಯಾರು ಮಾಡುತ್ತಾರೆ. 2019ರಲ್ಲಿ ಬಷೀರ್ ನಮ್ಮ ಚಿಕ್ಕಮಗಳೂರಿನ ಬೆಟ್ಟದಲ್ಲಿ ತೀರಿಕೊಂಡರು, ಕೆಲಸ ನಡೆದಿದೆ.

ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ, ಯುಗಾದಿಗೆ ಸೇರುವವರಲ್ಲಿ ಕೋರ್ಟು ಬಲ್ಲವರು, ಇಂಗ್ಲಿಷ್ ಬಲ್ಲವರು, ಗಣಿತ ಬಲ್ಲವರು ಇದ್ದೇ ಇರುತ್ತಾರೆ. ಭಾನುವಾರ ಎರಡು ಗಂಟೆ ಅವರು ನಾಲ್ಕು ಮಕ್ಕಳ ಜೊತೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತರೆ ಸಾಕು. ಆ ನಾಲ್ವರಲ್ಲಿ ಒಬ್ಬರು ಕಟ್ಟಡದ ಕೆಲಸಕ್ಕೆ ಕಲಬುರಗಿಯಿಂದ ಬಂದವರ ಮಗುವಾಗಿರಲಿ.